ಓದುಗರ ಪ್ರಶ್ನೆಗೆ ಉತ್ತರ: ಸಿವಿಲ್ 3ಡಿಯಲ್ಲಿ ಕೈಕೊಡುವ ರಸ್ತೆಯ ಬಿಡಿಭಾಗಗಳು

ರಸ್ತೆ ವಿನ್ಯಾಸದ ತಂತ್ರಾಂಶ ಕುರಿತು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಐದೂ ಆಟೊಡೆಸ್ಕ್ ಕಂಪನಿಯ ಸಿವಿಲ್ 3ಡಿಗೆ ಸಂಬಂಧಿಸಿದವು. ಈ ತಂತ್ರಾಂಶದ ಪರಿಚಯವಿಲ್ಲದವರಿಗಾಗಿ ಒಂದು ಮಾತು: ರಸ್ತೆಯ ಮಾದರಿ ಅಡ್ಡಛೇದಕ್ಕೆ ಇಲ್ಲಿ ಅಸೆಂಬ್ಲಿ ಎಂದು ಹೆಸರು, ಲೇನ್, ಶೋಲ್ಡರ್ (ಲೇನ್‌ನ ಹೊರಗಿನ ಅಂಚುಪಟ್ಟಿ), ಚರಂಡಿ, ಪಕ್ಕದ ಇಳಿಜಾರು ಮುಂತಾದ ಅದರ ಬಿಡಿಭಾಗಗಳು ಸಬ್‌ಅಸೆಂಬ್ಲಿಗಳು, ಈ ಅಡ್ಡಛೇದವನ್ನು ಅಲೈನ್‌ಮೆಂಟ್ (ರಸ್ತೆಯ ಮಧ್ಯರೇಖೆ) ಮತ್ತು ಪ್ರೊಫೈಲ್‌ಗಳ (ಅದರುದ್ದದ ಏರಿಳಿತ) ಗುಂಟ ಓಡಿಸಿದಾಗ ದೊರೆಯುವ ಮೂರು ಆಯಾಮದ ರಸ್ತೆಯೇ ಕಾರಿಡಾರ್. ಓದುಗರು ಕೆಟ್ಟಿದೆಯೆಂದು ದೂರಿದ ಬಿಡಿಭಾಗಗಳಲ್ಲಿ ನಿಜವಾಗಿ ಕೆಟ್ಟಿರುವಂಥವು ಕಡಿಮೆ. ದೋಷವಿರುವುದು ಬಹುಪಾಲು ಅವುಗಳಿಗೆ ಒದಗಿಸಿದ ನೆಲದ ಮಾದರಿ, ಅಳತೆ ಮತ್ತು ಕೋಡ್‌ಗಳಲ್ಲಿ. ಆದ್ದರಿಂದ ತಿದ್ದುವ ಕ್ರಮಕ್ಕಿಂತ ಪರೀಕ್ಷಿಸುವ ಕ್ರಮಕ್ಕೇ ಇಲ್ಲಿ ಹೆಚ್ಚು ಜಾಗ ಹೋಗಿದೆ.

ಪ್ರಶ್ನೆ: ಮಾನ್ಯರೇ, ತುಂಗಭದ್ರಾ ಎಡದಂಡೆ ಕಾಲುವೆಯ ವಿತರಣಾ ಕಾಲುವೆಯೊಂದರ ಪಕ್ಕದಲ್ಲಿ ಹಾಯುವ ರಸ್ತೆಯ ಅಗಲೀಕರಣಕ್ಕೆ ನಕ್ಷೆ ಮಾಡುತ್ತಿದ್ದೇನೆ. ಪಕ್ಕದ ಇಳಿಜಾರಿಗೆಂದು ಹಿಂದೆ ನಮ್ಮ ಕಚೇರಿಯಲ್ಲಿದ್ದ ಎಂಜಿನಿಯರ್ ಒಬ್ಬರು ಮಾಡಿಟ್ಟ ಸಬ್‌ಅಸೆಂಬ್ಲಿಯನ್ನೇ ಬಳಸಿದ್ದೇನೆ. ಎಡಗಡೆ, ಭತ್ತದ ಗದ್ದೆಗಳ ಬದಿಗೆ, ಇಳಿಜಾರು ಸರಿಯಾಗಿ ನೆಲ ಮುಟ್ಟುತ್ತದೆ. ಬಲಗಡೆ, ಕಾಲುವೆಯ ಬದಿಗೆ, ಕೆಲವು ಚೈನೇಜ್‌ಗಳಲ್ಲಿ (ರಸ್ತೆಯ ಆರಂಭದಿಂದ ಅಳೆದ ದೂರಗಳಲ್ಲಿ) ಇಳಿಜಾರೇ ಮೂಡುವುದಿಲ್ಲ. ಇನ್ನು ಕೆಲವೆಡೆ ಭರ್ತಿ (ಮಣ್ಣು ತುಂಬಿ ಎತ್ತರಿಸುವುದು) ಇರಬೇಕಾದಲ್ಲಿ ಕಟಿಂಗ್‌ನ (ನೆಲ ಅಗೆಯುವ ಕಡೆಯ) ಇಳಿಜಾರು ಬಂದು ರೇಖೆ ಮೇಲಕ್ಕೆ ಏರಿ ಹೋಗುತ್ತದೆ. ಈವೆಂಟ್ ವ್ಯೂವರ್ ತುಂಬ ಎಚ್ಚರಿಕೆಗಳು. ಸಬ್‌ಅಸೆಂಬ್ಲಿಯನ್ನು ಹೊಸದಾಗಿಯೇ ರಚಿಸಬೇಕೇ?
— ಓದುಗರೊಬ್ಬರು, ಸಿಂಧನೂರು

ಉತ್ತರ: ಈಗಲೇ ಬೇಡ. ತಾವು ವಿವರಿಸಿರುವುದು ಒಂದು ದೋಷವಲ್ಲ, ಎರಡು. ಇಳಿಜಾರು ಮೂಡದಿರುವುದಕ್ಕೂ ತಪ್ಪು ಇಳಿಜಾರು ಮೂಡುವುದಕ್ಕೂ ಮೂಲ ಬೇರೆ ಬೇರೆ ಇರುವಂತೆ ಕಾಣುತ್ತದೆ. ಎರಡನ್ನೂ ಒಟ್ಟಿಗೆ ಬೆನ್ನಟ್ಟಿದರೆ ಒಂದನ್ನು ತಿದ್ದಿದ್ದು ಇನ್ನೊಂದನ್ನು ಮರೆಮಾಡುತ್ತದೆ.

ಮೊದಲು ಇಳಿಜಾರು ಮೂಡದ ಚೈನೇಜ್‌ಗಳನ್ನು ನೋಡೋಣ. ನೆಲವನ್ನು ಹುಡುಕಿ ಮುಟ್ಟುವ ಯಾವುದೇ ಬಿಡಿಭಾಗಕ್ಕೆ ಟಾರ್ಗೆಟ್ ಆಗಿ, ಅಂದರೆ ಮುಟ್ಟಬೇಕಾದ ಗುರಿಯಾಗಿ, ಒಂದು ಸರ್ಫೇಸ್ (ಬಿಂದುಗಳನ್ನು ತ್ರಿಕೋನಗಳಿಂದ ಜೋಡಿಸಿದ ನೆಲದ ಮಾದರಿ) ಬೇಕು, ಮತ್ತು ಇಳಿಜಾರು ತಲುಪುವಷ್ಟು ದೂರದವರೆಗೆ ಆ ಸರ್ಫೇಸ್ ಹರಡಿರಬೇಕು. 7 ಮೀಟರ್ ಅಗಲದ ಎರಡು ಲೇನ್‌ಗಳ ರಸ್ತೆ, ಎರಡೂ ಬದಿಗೆ 2.5 ಮೀಟರ್ ಶೋಲ್ಡರ್ ಎಂದಿಟ್ಟುಕೊಂಡರೆ ಶೋಲ್ಡರ್‌ನ ಅಂಚು ಮಧ್ಯರೇಖೆಯಿಂದ 6 ಮೀಟರ್ ದೂರದಲ್ಲಿರುತ್ತದೆ. ಅಲ್ಲಿ 4 ಮೀಟರ್ ಭರ್ತಿ ಇದ್ದು, 1 ಮೀಟರ್ ಇಳಿತಕ್ಕೆ 2 ಮೀಟರ್ ಅಡ್ಡಳತೆಯ ಇಳಿಜಾರು ಕೊಟ್ಟರೆ, ಸಮತಟ್ಟಾದ ನೆಲದಲ್ಲಿಯೂ ಅದರ ಬುಡ 14 ಮೀಟರ್‌ಗೆ ಹೋಗಿ ನಿಲ್ಲುತ್ತದೆ. ನೆಲ ಹೊರಬದಿಗೆ ಇಳಿಯುತ್ತಿದ್ದರೆ ಇನ್ನೂ ದೂರ. ಮಧ್ಯರೇಖೆಯಿಂದ ಆಚೀಚೆ 15 ಮೀಟರ್ ಮಾತ್ರ ಸರ್ವೆ ಆಗಿರುವ ಕೆಲಸಗಳು ಅಪರೂಪವಲ್ಲ. ಕಾಲುವೆಯ ಬದಿಯಲ್ಲಂತೂ ನೀರು ಹರಿಯುತ್ತಿದ್ದ ದಿನಗಳಲ್ಲಿ ಸರ್ವೆ ನಡೆದಿದ್ದರೆ ಬಿಂದುಗಳು ಏರಿಯ ಅಂಚಿಗೇ ಮುಗಿದುಹೋಗಿರುತ್ತವೆ. ಸರ್ಫೇಸ್ ಮುಗಿದ ಜಾಗದಲ್ಲಿ ಸಬ್‌ಅಸೆಂಬ್ಲಿಗೆ ಮುಟ್ಟಲು ಏನೂ ಸಿಗುವುದಿಲ್ಲ. ಹೀಗಾಗಿ ಮೊದಲು ಸರ್ಫೇಸ್‌ನ ತ್ರಿಕೋನಗಳನ್ನು ತೆರೆಯ ಮೇಲೆ ಬರಿಸಿ, ತಪ್ಪು ತೋರುವ ಚೈನೇಜ್‌ಗಳಲ್ಲಿ ಅವು ಎಲ್ಲಿಯವರೆಗೆ ಇವೆ ಎಂದು ನೋಡಿ. ಇದರ ವಿರುದ್ಧ ಬಗೆಯ ತಪ್ಪೂ ಉಂಟು: ಕಾಲುವೆಯ ತಳದ ಬಿಂದುಗಳಿಲ್ಲದೆ ಎರಡೂ ಏರಿಗಳ ಬಿಂದುಗಳು ಮಾತ್ರ ಇದ್ದರೆ ತಂತ್ರಾಂಶ ಈ ಏರಿಯಿಂದ ಆ ಏರಿಗೆ ನೇರವಾಗಿ ತ್ರಿಕೋನ ಎಳೆದು ಕಾಲುವೆಯನ್ನೇ ಮುಚ್ಚಿದ ನೆಲವೊಂದನ್ನು ತೋರಿಸುತ್ತದೆ. ಅಂಥ ಸರ್ಫೇಸ್ ಮೇಲೆ ಇಳಿಜಾರು ನಿಂತರೂ ಅದಕ್ಕೆ ಅರ್ಥವಿಲ್ಲ.

ಸರ್ಫೇಸ್ ಸಾಕಷ್ಟು ಅಗಲವಿದ್ದರೆ, ಕಾರಿಡಾರ್ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್‌ಗಳ ಪಟ್ಟಿಯನ್ನು ರೀಜನ್‌ವಾರು (ಕಾರಿಡಾರ್‌ನ ಒಂದೊಂದು ತುಂಡಿಗೆ) ತೆರೆದು ನೋಡಿ. ನಡುವೆ ಮೋರಿಗೋ ತಿರುವಿಗೋ ಹೊಸ ರೀಜನ್ ಸೇರಿಸಿದ್ದರೆ ಅದರ ಟಾರ್ಗೆಟ್ ಖಾಲಿ ಉಳಿದಿರುವ ಸಾಧ್ಯತೆ ಇದೆ. ಎಡಬಲದ ಸಬ್‌ಅಸೆಂಬ್ಲಿಗಳಿಗೆ ಟಾರ್ಗೆಟ್ ಬೇರೆ ಬೇರೆಯಾಗಿ ದಾಖಲಾಗುವುದರಿಂದ ಒಂದು ಬದಿ ಸರಿಯಾಗಿದ್ದು ಇನ್ನೊಂದು ಬದಿ ತಪ್ಪುವುದರಲ್ಲಿ ಆಶ್ಚರ್ಯವಿಲ್ಲ.

ಭರ್ತಿಯ ಜಾಗದಲ್ಲಿ ಕಟಿಂಗ್ ಬರುವುದು ಬೇರೆ ಕಥೆ, ಮತ್ತು ಇಲ್ಲಿ ಸಬ್‌ಅಸೆಂಬ್ಲಿಯ ಒಳಗಿನ ತರ್ಕದ ಮೇಲೆ ಅನುಮಾನಪಡುವುದು ನ್ಯಾಯವೇ. ಆದರೂ ಒಳಗೆ ಕೈ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಹೊಸ ನಕ್ಷೆಯೊಂದರಲ್ಲಿ 100 ಮೀಟರ್ ಉದ್ದದ ನೇರ ಅಲೈನ್‌ಮೆಂಟ್ ಹಾಕಿ, ರಸ್ತೆಯ ಮಟ್ಟಕ್ಕಿಂತ 3 ಮೀಟರ್ ಕೆಳಗೆ ಒಂದು, 3 ಮೀಟರ್ ಮೇಲೆ ಒಂದು ಸಮತಟ್ಟಾದ ಸರ್ಫೇಸ್ ಮಾಡಿ. ಅಸೆಂಬ್ಲಿಯಲ್ಲಿ ಆ ಒಂದು ಇಳಿಜಾರಿನ ಭಾಗವನ್ನು ಮಾತ್ರ ಎರಡೂ ಬದಿಗೆ ಜೋಡಿಸಿ, ಎರಡು ಸರ್ಫೇಸ್‌ಗಳ ಮೇಲೂ ಓಡಿಸಿ. ಎರಡರಲ್ಲೂ, ಎರಡೂ ಬದಿಗೆ ಸರಿ ಬಂದರೆ, ತಪ್ಪಿರುವುದು ಏರುಪೇರಾದ ನೆಲವನ್ನು ಅದು ಅಳೆಯುವ ಬಗೆಯಲ್ಲಿ.

ತಮ್ಮ ಸಂದರ್ಭದಲ್ಲಿ ನನಗೆ ಅನುಮಾನ ಬರುವುದು ಅಲ್ಲಿಯೇ. ಇಂಥ ಭಾಗಗಳನ್ನು ರಚಿಸುವುದು ಸಬ್‌ಅಸೆಂಬ್ಲಿ ಕಂಪೋಸರ್ ಎಂಬ ಜೊತೆಯ ತಂತ್ರಾಂಶದಲ್ಲಿ. ಅಲ್ಲಿ ಭರ್ತಿಯೋ ಕಟಿಂಗೋ ಎಂಬುದನ್ನು ಒಂದು ಡಿಸಿಷನ್ ಚೌಕ ನಿರ್ಧರಿಸುತ್ತದೆ. ಒಂದು ಬಿಂದುವಿನಿಂದ ಸರ್ಫೇಸ್‌ಗೆ ಇರುವ ಲಂಬ ದೂರವನ್ನು ಡಿಸ್ಟೆನ್ಸ್‌ಟುಸರ್ಫೇಸ್ ಎಂಬ ಫಂಕ್ಷನ್ ಹೇಳುತ್ತದೆ. ಬಿಂದು ನೆಲಕ್ಕಿಂತ ಮೇಲಿದ್ದರೆ ಉತ್ತರ ಧನಾತ್ಮಕ, ಕೆಳಗಿದ್ದರೆ ಋಣಾತ್ಮಕ. ಈಗ ನೋಡಬೇಕಾದದ್ದು ಆ ಬಿಂದು ಯಾವುದು ಎಂಬುದನ್ನು. ಶೋಲ್ಡರ್‌ನ ಅಂಚಿನ ಬಿಂದುವಾಗಿದ್ದರೆ ಸರಿ. ಅದರ ಬದಲು ಕೆಲವು ಮೀಟರ್ ಹೊರಗಿರುವ ಸಹಾಯಕ ಬಿಂದುವಿನಲ್ಲಿ ಅಳೆದಿದ್ದರೆ, ಗದ್ದೆಯ ಬದಿಗೆ ವ್ಯತ್ಯಾಸವೇ ಕಾಣದು. ಕಾಲುವೆಯ ಬದಿಗೆ ಆ ಬಿಂದು ಏರಿಯ ನೆತ್ತಿಯ ಕೆಳಗೆ ಬಿದ್ದು, ರಸ್ತೆಯ ಅಂಚಿನಲ್ಲಿ ಭರ್ತಿ ಇದ್ದರೂ ತರ್ಕವು ಕಟಿಂಗ್ ಎಂದು ತೀರ್ಮಾನಿಸುತ್ತದೆ. ಆಮೇಲೆ ಮೇಲ್ಮುಖವಾಗಿ ಹೊರಟ ರೇಖೆ ಏರಿಗೆ ಸಿಗದೆ ದಾಟಿ ಹೋದರೆ ತಾವು ಕಂಡ ಚಿತ್ರವೇ ಬರುತ್ತದೆ. ಡಿಸಿಷನ್ ಚೌಕದಲ್ಲಿ ಬಿಂದುವಿನ ಹೆಸರನ್ನು ಅಂಚಿನ ಬಿಂದುವಿಗೆ ಬದಲಿಸಿದರೆ ಸಾಕು.

ತೆರೆದಾಗಲೇ ಇನ್ನೊಂದು ಕೆಲಸ ಮುಗಿಸಿಬಿಡಿ. ಟಾರ್ಗೆಟ್ ಇಲ್ಲದಿದ್ದಾಗ ಏನು ಮಾಡಬೇಕೆಂದು ತರ್ಕದಲ್ಲಿ ಹೇಳಿರಬೇಕು. ಟಾರ್ಗೆಟ್‌ನ ಹೆಸರಿಗೆ ಇಸ್‌ವ್ಯಾಲಿಡ್ ಎಂಬ ಪರೀಕ್ಷೆ ಸೇರಿಸಿ, ಅದು ಸುಳ್ಳಾದರೆ ಒಂದು ನಿಶ್ಚಿತ ಉದ್ದದ ಇಳಿಜಾರು ಬರುವಂತೆ ಮಾಡಿ. ಕಂಪೋಸರ್‌ನ ಪ್ರಿವ್ಯೂ ಕಿಟಕಿಯಲ್ಲಿ ಲೇಔಟ್ ಮೋಡ್ ಮತ್ತು ರೋಡ್‌ವೇ ಮೋಡ್ ಎರಡರಲ್ಲೂ ನೋಡದೆ ಕಡತ ಉಳಿಸಬೇಡಿ. ಲೇಔಟ್‌ನಲ್ಲಿ ಚೆನ್ನಾಗಿ ಕಾಣುವುದು ಟಾರ್ಗೆಟ್ ಇಲ್ಲದ ಚಿತ್ರ ಮಾತ್ರ.

ತಿದ್ದಿದ ಭಾಗಕ್ಕೆ ಹೊಸ ಹೆಸರು ಕೊಟ್ಟು ಇಂಪೋರ್ಟ್ ಮಾಡುವುದು ಕ್ಷೇಮ, ಏಕೆಂದರೆ ಹಳೆಯ ಹೆಸರೇ ಇದ್ದರೆ ನಕ್ಷೆಯಲ್ಲಿ ಓಡುತ್ತಿರುವುದು ಹಳೆಯದೋ ಹೊಸದೋ ತಿಳಿಯದೆ ಒದ್ದಾಡಬೇಕಾಗುತ್ತದೆ. ಅಸೆಂಬ್ಲಿಗೆ ಜೋಡಿಸುವಾಗ ಕಮಾಂಡ್ ಸಾಲಿನಲ್ಲಿ ಇನ್ಸರ್ಟ್, ರಿಪ್ಲೇಸ್, ಡಿಟ್ಯಾಚ್ಡ್ ಎಂಬ ಆಯ್ಕೆಗಳು ಬರುತ್ತವೆ. ರಿಪ್ಲೇಸ್ ಆರಿಸಿದರೆ ಹಳೆಯದರ ಜಾಗದಲ್ಲಿ ಹೊಸದು ಕೂರುತ್ತದೆ. ಅಳತೆಗಳನ್ನೂ ಕಾರಿಡಾರ್‌ನಲ್ಲಿ ಟಾರ್ಗೆಟ್‌ಗಳನ್ನೂ ಮತ್ತೊಮ್ಮೆ ಪರಿಶೀಲಿಸಿ ರೀಬಿಲ್ಡ್ ಮಾಡಿ (ಕಾರಿಡಾರ್ ಅನ್ನು ಮತ್ತೆ ಕಟ್ಟಿಸಿ). ಇನ್ನು, ರಸ್ತೆಯ ಭರ್ತಿ ಕಾಲುವೆಯ ಏರಿಗೆ ಒರಗಬಹುದೇ ಎಂಬುದು ತಂತ್ರಾಂಶಕ್ಕೆ ಕೇಳುವ ಪ್ರಶ್ನೆಯಲ್ಲ. ನೀರಾವರಿ ಎಂಜಿನಿಯರ್‌ಗಳ ಅಭಿಪ್ರಾಯ ಬರುವವರೆಗೆ ಆ ಚೈನೇಜ್‌ಗಳಿಗೆ ತಡೆಗೋಡೆಯ ಪರ್ಯಾಯ ಅಸೆಂಬ್ಲಿಯೊಂದನ್ನು ಸಿದ್ಧವಿಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ನಾನು ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿ. ಪ್ರಾಜೆಕ್ಟ್‌ಗಾಗಿ ಎರಡು ಲೇನ್‌ಗಳ ರಸ್ತೆ ಹಾಕಿದರೆ ಒಂದೊಂದು ಲೇನ್ 12 ಮೀಟರ್ ಅಗಲ ಬರುತ್ತಿದೆ. ಸಬ್‌ಅಸೆಂಬ್ಲಿ ಹಾಳಾಗಿದೆಯೇ?
— ವಿದ್ಯಾರ್ಥಿ, ಕೊಪ್ಪಳ

ಉತ್ತರ: ಹಾಳಾಗಿಲ್ಲ, ಅದು ಅಡಿ ಲೆಕ್ಕದ ಭಾಗ. ಟೂಲ್ ಪ್ಯಾಲೆಟ್‌ಗಳಲ್ಲಿ ಇಂಪೀರಿಯಲ್ ಮತ್ತು ಮೆಟ್ರಿಕ್ ಎಂದು ಎರಡು ಗುಂಪುಗಳಿವೆ. ಅಮೆರಿಕದ ರೂಢಿಯ 12 ಅಡಿ ಲೇನ್, ಅಂದರೆ ಸುಮಾರು 3.66 ಮೀಟರ್, ಮೀಟರ್ ಲೆಕ್ಕದ ನಕ್ಷೆಗೆ ಬಂದಾಗ ಸಂಖ್ಯೆ ಹಾಗೇ ಉಳಿದು 12 ಮೀಟರ್ ಆಗಿದೆ. ಅಗಲವನ್ನು 3.5ಕ್ಕೆ ತಿದ್ದಿ ಸುಮ್ಮನಾಗಬೇಡಿ. ಪದರಗಳ ದಪ್ಪದಲ್ಲಿ ಇದೇ ತಪ್ಪು ಕಣ್ಣಿಗೆ ಬೀಳುವುದಿಲ್ಲ: 1 ಇಂಚು ಅಡಿ ಲೆಕ್ಕದಲ್ಲಿ 0.083, ಅದನ್ನೇ ಮೀಟರ್ ಎಂದು ಓದಿದರೆ 83 ಮಿ.ಮೀ. ಡಾಂಬರು ಪದರ. ನೋಡಿದವರಿಗೆ ನಂಬುವಂಥ ಸಂಖ್ಯೆಯಾದ್ದರಿಂದ ಅದು ಅಂದಾಜುಪಟ್ಟಿಯವರೆಗೂ ಹೋಗಿ ಕೂರುತ್ತದೆ. ಆ ಅಸೆಂಬ್ಲಿಯನ್ನು ಅಳಿಸಿ, ಮೆಟ್ರಿಕ್ ಟೆಂಪ್ಲೇಟ್‌ನಲ್ಲಿ ಮೆಟ್ರಿಕ್ ಪ್ಯಾಲೆಟ್‌ನಿಂದಲೇ ಮತ್ತೆ ಕಟ್ಟಿ.

ಪ್ರಶ್ನೆ: ನಮ್ಮ ಭಾಗದ್ದು ಪೂರ್ತಿ ಎರೆಮಣ್ಣು. ರಸ್ತೆಯ ಅಡಿಗೆ 500 ಮಿ.ಮೀ. ಎರೆ ತೆಗೆದು ಮರಂ ತುಂಬುವ ಸಬ್‌ಅಸೆಂಬ್ಲಿಯೊಂದನ್ನು ನಾವೇ ಮಾಡಿಕೊಂಡೆವು. ಅಡ್ಡಛೇದದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಕಾರಿಡಾರ್‌ನಿಂದ ತೆಗೆದ ಮಣ್ಣಿನ ಪರಿಮಾಣಕ್ಕೂ ಕೈಲೆಕ್ಕಕ್ಕೂ ಅಜಗಜಾಂತರ. ಒಮ್ಮೆ ತೀರ ಕಡಿಮೆ, ತಿರುವು ಸೇರಿಸಿದರೆ ತೀರ ಹೆಚ್ಚು. ಯಾವುದನ್ನು ನಂಬಬೇಕು?
— ಗುತ್ತಿಗೆದಾರರ ಕಚೇರಿಯ ಎಂಜಿನಿಯರ್, ಸಿರುಗುಪ್ಪ

ಉತ್ತರ: ಸದ್ಯಕ್ಕೆ ಕೈಲೆಕ್ಕವನ್ನು. 12 ಮೀಟರ್ ಅಗಲ, ಅರ್ಧ ಮೀಟರ್ ಆಳ ಎಂದರೆ ಅಡ್ಡಛೇದದ ವಿಸ್ತೀರ್ಣ 6 ಚದರ ಮೀಟರ್. 20 ಮೀಟರ್ ಉದ್ದಕ್ಕೆ 120 ಘನ ಮೀಟರ್, ಕಿಲೋಮೀಟರಿಗೆ 6,000. ರಸ್ತೆಯ ಮಟ್ಟ ನೆಲಕ್ಕೆ ಹತ್ತಿರವಿರುವ ನೇರ ತುಂಡಿನಲ್ಲಿ ತಂತ್ರಾಂಶ ಇದರ ಆಸುಪಾಸಿಗೆ ಬರದಿದ್ದರೆ ಉಳಿದ ಸಂಖ್ಯೆಗಳನ್ನು ಚರ್ಚಿಸುವುದರಲ್ಲಿ ಫಲವಿಲ್ಲ.

ಅಡ್ಡಛೇದ ಚೆನ್ನಾಗಿ ಕಾಣುವುದು ಸಾಕಾಗುವುದಿಲ್ಲ ಎಂಬುದನ್ನು ತಮ್ಮ ಪತ್ರ ಚೆನ್ನಾಗಿ ತೋರಿಸುತ್ತದೆ. ಸಬ್‌ಅಸೆಂಬ್ಲಿಯ ರೇಖೆಗಳಿಗೆ ಲಿಂಕ್ ಎಂದು ಹೆಸರು. ಪ್ರತಿ ಲಿಂಕ್‌ಗೂ ಕೋಡ್ ಇರುತ್ತದೆ. ಮೇಲ್ಮೈಯ ಲಿಂಕ್‌ಗಳಿಗೆ ಟಾಪ್, ಮಣ್ಣುಕೆಲಸದ ತಳಕ್ಕೆ ಡೇಟಮ್ ಎಂಬುದು ರೂಢಿ. ಕಾರಿಡಾರ್ ಸರ್ಫೇಸ್ ಕಟ್ಟುವಾಗ ತಂತ್ರಾಂಶ ರೇಖೆಯ ಆಕಾರವನ್ನಲ್ಲ, ಅದರ ಕೋಡ್ ಅನ್ನು ಮಾತ್ರ ನೋಡುತ್ತದೆ. ತಮ್ಮ ಅಗೆತದ ತಳಕ್ಕೆ ಡೇಟಮ್ ಕೋಡ್ ಕೊಟ್ಟಿರದಿದ್ದರೆ, ಅಥವಾ ಒಂದಕ್ಷರ ಬೇರೆಯಾಗಿದ್ದರೆ, ಡೇಟಮ್ ಸರ್ಫೇಸ್ ಎಡ ಇಳಿಜಾರಿನಿಂದ ಬಲ ಇಳಿಜಾರಿಗೆ ಅಗೆತದ ಮೇಲೆ ಹಾದು ಹೋಗಿರುತ್ತದೆ. ಎರೆ ತೆಗೆದ ಪರಿಮಾಣ ಲೆಕ್ಕಕ್ಕೆ ಬರುವುದೇ ಇಲ್ಲ. ಪರಿಮಾಣ ತೀರ ಕಡಿಮೆ ಬರುವುದಕ್ಕೆ ಇದೇ ಕಾರಣವಿರಬೇಕು. ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರ, ಹಿಂದೆ ಉಳಿದ ಖಾಲಿ ಜಾಗ ಇವನ್ನೂ ಸೇರಿಸಿ ಕೋಡ್‌ಗಳನ್ನು ಅಕ್ಷರಶಃ ಒಂದೇ ರೀತಿ ಇಡಿ. ಹಾಗೆಯೇ ಡೇಟಮ್ ಸರ್ಫೇಸ್‌ನ ಓವರ್‌ಹ್ಯಾಂಗ್ ಕರೆಕ್ಷನ್ ಅನ್ನು ಬಾಟಮ್ ಲಿಂಕ್ಸ್ ಎಂದು ಆರಿಸಿ.

ಎರಡನೆಯ ವಿಷಯ, ಅಗೆತದ ಲಂಬ ಬದಿಗಳು. ತ್ರಿಕೋನಗಳಿಂದ ಕಟ್ಟುವ ಸರ್ಫೇಸ್‌ನಲ್ಲಿ ಒಂದೇ ಸ್ಥಳಕ್ಕೆ ಎರಡು ಎತ್ತರಗಳು ಇರಲಾರವು. ಬದಿ ಕಡ್ಡಿಯಂತೆ ನೇರವಾಗಿದ್ದರೆ ಮೇಲಿನ ಮತ್ತು ಕೆಳಗಿನ ಬಿಂದುಗಳಲ್ಲಿ ಒಂದು ಬಿಟ್ಟುಹೋಗಿ ಅಂಚು ಹಲ್ಲುಹಲ್ಲಾಗುತ್ತದೆ. ಕಂಪೋಸರ್‌ನಲ್ಲಿ ತಳದ ಬಿಂದುವನ್ನು ಒಂದೆರಡು ಮಿ.ಮೀ. ಒಳಕ್ಕೆ ಸರಿಸಿದರೆ ಈ ತೊಂದರೆ ನಿವಾರಣೆಯಾಗುತ್ತದೆ, ಪರಿಮಾಣದಲ್ಲಿ ಲೆಕ್ಕಕ್ಕೆ ಬರುವಂಥ ವ್ಯತ್ಯಾಸವೂ ಆಗದು.

ತಿರುವಿನಲ್ಲಿ ಪರಿಮಾಣ ಉಬ್ಬುವುದಕ್ಕೆ ಸಬ್‌ಅಸೆಂಬ್ಲಿ ಹೊಣೆಯಲ್ಲ. ಸರ್ಫೇಸ್‌ಗೆ ಗಡಿ ಹಾಕಿರದಿದ್ದರೆ ತಿರುವಿನ ಒಳಬದಿಯಲ್ಲಿ ಇಲ್ಲಿಂದ ಅಲ್ಲಿಗೆ ಉದ್ದನೆಯ ತ್ರಿಕೋನಗಳು ಹಬ್ಬಿ, ರಸ್ತೆಯೇ ಇಲ್ಲದ ಹೊಲವೂ ಲೆಕ್ಕಕ್ಕೆ ಸೇರುತ್ತದೆ. ಕಾರಿಡಾರ್‌ನ ಹೊರ ಅಂಚನ್ನೇ ಸರ್ಫೇಸ್‌ನ ಹೊರಗಡಿಯಾಗಿ ಕೊಡಿ. ಸಂಡೂರಿನ ಗುಡ್ಡಗಳಂಥ ಜಾಗದಲ್ಲಿ, ತಿರುವಿನ ತ್ರಿಜ್ಯಕ್ಕಿಂತ ಅಡ್ಡಛೇದದ ಅರ್ಧ ಅಗಲವೇ ಹೆಚ್ಚಾದರೆ, ಅಕ್ಕಪಕ್ಕದ ಅಡ್ಡಛೇದಗಳು ಒಂದನ್ನೊಂದು ದಾಟಿ ಗಂಟು ಬೀಳುತ್ತವೆ. ಬೋ-ಟೈ ಎಂದು ಕರೆಯುವ ಆ ಗಂಟನ್ನು ಬಿಡಿಸುವ ಸೌಲಭ್ಯ ಈಚಿನ ಆವೃತ್ತಿಗಳಲ್ಲಿದೆ. ಸಿರುಗುಪ್ಪದ ಬಯಲಿನಲ್ಲಿ ತಮಗೆ ಅದರ ಅಗತ್ಯ ಬೀಳಲಾರದು.

ಒಂದು ಎಚ್ಚರಿಕೆ ಸೇರಿಸುವೆ. ಮೂಲ ನೆಲ ಮತ್ತು ಟಾಪ್ ಸರ್ಫೇಸ್‌ಗಳನ್ನು ಮಾತ್ರ ಹೋಲಿಸಿದರೆ ತೆಗೆದ ಎರೆಯೂ ತುಂಬಿದ ಮರಂ ಕೂಡ ಎಲ್ಲಿಯೂ ಕಾಣಿಸುವುದಿಲ್ಲ. ತೆಗೆತಕ್ಕೆ ಮೂಲ ನೆಲ ಮತ್ತು ಡೇಟಮ್‌ಗಳ ನಡುವಣ ಪರಿಮಾಣ, ಮರಂಗೆ ಆ ಪದರದ ಶೇಪ್‌ನ (ಲಿಂಕ್‌ಗಳು ಸುತ್ತುವರಿದ ಜಾಗದ) ಕೋಡ್, ಹೀಗೆ ಎರಡನ್ನೂ ಬೇರೆ ಬೇರೆಯಾಗಿಯೇ ತೆಗೆಯಿರಿ. ಎರಡಕ್ಕೂ ದರ ಬೇರೆ, ಸಾಗಣೆಯ ದೂರ ಬೇರೆ.

ಪ್ರಶ್ನೆ: 400 ಮೀಟರ್ ತ್ರಿಜ್ಯದ ತಿರುವಿನಲ್ಲಿ ವಿನ್ಯಾಸದ ವೇಗ ಗಂಟೆಗೆ 80 ಕಿ.ಮೀ. ಅಲೈನ್‌ಮೆಂಟ್‌ಗೆ ಸೂಪರ್‌ಎಲಿವೇಶನ್ (ತಿರುವಿನಲ್ಲಿ ರಸ್ತೆಯ ಹೊರ ಅಂಚನ್ನು ಎತ್ತರಿಸುವ ಓರೆ) ಲೆಕ್ಕ ಹಾಕಿಸಿದ್ದೇನೆ, ಕೋಷ್ಟಕವೂ ತುಂಬಿದೆ. ಆದರೂ ಕಾರಿಡಾರ್‌ನಲ್ಲಿ ಲೇನ್‌ಗಳು ತಿರುವಿನುದ್ದಕ್ಕೂ ನೇರ ರಸ್ತೆಯ ಕ್ಯಾಂಬರ್‌ನಲ್ಲೇ (ನಡು ಎತ್ತರ, ಎರಡೂ ಬದಿಗೆ ಇಳುಕಲು) ಉಳಿದಿವೆ.
— ಓದುಗರೊಬ್ಬರು, ರಾಯಚೂರು

ಉತ್ತರ: ತಾವು ಯಾವ ಲೇನ್ ಭಾಗ ಬಳಸಿದ್ದೀರಿ ಎಂದು ಬರೆದಿಲ್ಲ, ಆದರೆ ಬೇಸಿಕ್‌ಲೇನ್ ಆಗಿರಬೇಕು. ಅದಕ್ಕೆ ಸೂಪರ್‌ಎಲಿವೇಶನ್ ಓದುವ ಗುಣವೇ ಇಲ್ಲ. ಕೊಟ್ಟ ಇಳುಕಲನ್ನು ಕೊನೆಯವರೆಗೂ ಇಟ್ಟುಕೊಳ್ಳುತ್ತದೆ. ಅದರ ಜಾಗದಲ್ಲಿ ಲೇನ್‌ಸೂಪರ್‌ಎಲಿವೇಶನ್‌ಎಒಆರ್ ಅಥವಾ ಲೇನ್‌ಔಟ್‌ಸೈಡ್‌ಸೂಪರ್ ಹಾಕಿ. ಮೊದಲನೆಯದರಲ್ಲಿ ಯೂಸ್ ಸೂಪರ್‌ಎಲಿವೇಶನ್ ಎಂಬ ಅಂಶ ನನ್ ಎಂದು ಇರಬಾರದು. ಮೀಡಿಯನ್ (ನಡುವಿನ ವಿಭಜಕ) ಇಲ್ಲದ ರಸ್ತೆಗೆ ಎಡಕ್ಕೆ ಎಡದ ಹೊರ ಲೇನ್, ಬಲಕ್ಕೆ ಬಲದ ಹೊರ ಲೇನ್ ಎಂದು ಆರಿಸಿ. ಅಸೆಂಬ್ಲಿಯ ಬಗೆಯನ್ನೂ ಮೀಡಿಯನ್ ಇಲ್ಲದ, ನಡು ಉಬ್ಬಿದ ರಸ್ತೆ ಎಂದು ಗುರುತಿಸಿ. ಶೋಲ್ಡರ್ ಭಾಗವೂ ಇದೇ ಕೋಷ್ಟಕ ಓದುವಂತಿರಲಿ, ಇಲ್ಲದಿದ್ದರೆ ಲೇನ್ ತಿರುಗಿ ಶೋಲ್ಡರ್ ಮಾತ್ರ ಹಳೆಯ ಇಳುಕಲಿನಲ್ಲೇ ಉಳಿಯುತ್ತದೆ.

ಕೋಷ್ಟಕದಲ್ಲಿ ತುಂಬಿರುವ ಸಂಖ್ಯೆಗಳನ್ನೂ ಒಮ್ಮೆ ಅನುಮಾನದಿಂದ ನೋಡಿ. ತಂತ್ರಾಂಶದ ಜೊತೆಗೇ ಬರುವ ಮಾನದಂಡಗಳು ಅಮೆರಿಕದ ಆಶ್ಟೊ ಸಂಸ್ಥೆಯವು. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 73 ಪ್ರಕಾರ, ಮಿಶ್ರ ಸಂಚಾರವನ್ನು ಗಮನದಲ್ಲಿಟ್ಟು, ವಿನ್ಯಾಸ ವೇಗದ ಶೇ 75ಕ್ಕೆ ಸೂಪರ್‌ಎಲಿವೇಶನ್ ಲೆಕ್ಕ ಹಾಕುತ್ತಾರೆ. ವೇಗದ ವರ್ಗವನ್ನು ತ್ರಿಜ್ಯದ 225 ಪಟ್ಟಿನಿಂದ ಭಾಗಿಸಬೇಕು. ತಮ್ಮ ತಿರುವಿಗೆ 6,400ನ್ನು 90,000ದಿಂದ ಭಾಗಿಸಿದರೆ 0.071, ಅಂದರೆ ಶೇ 7.1. ಬಯಲು ಪ್ರದೇಶದ ಮಿತಿ ಶೇ 7 ಆದ್ದರಿಂದ ಅಲ್ಲಿಗೇ ನಿಲ್ಲಿಸಿ, ಪೂರ್ಣ ವೇಗಕ್ಕೆ ಘರ್ಷಣೆ ಸಾಕೇ ಎಂದು ನೋಡಬೇಕು: 6,400ನ್ನು ತ್ರಿಜ್ಯದ 127 ಪಟ್ಟಾದ 50,800ರಿಂದ ಭಾಗಿಸಿ ಬರುವ 0.126ರಲ್ಲಿ 0.07 ಕಳೆದರೆ 0.056 ಉಳಿಯುತ್ತದೆ, ಅನುಮತಿಸಿದ 0.15ಕ್ಕಿಂತ ಬಹಳ ಕಡಿಮೆ, ತಿರುವು ಸುರಕ್ಷಿತ. ಕೋಷ್ಟಕ ಬೇರೆ ಸಂಖ್ಯೆ ತೋರಿಸುತ್ತಿದ್ದರೆ ಡಿಸೈನ್ ಕ್ರೈಟೀರಿಯಾ ಎಡಿಟರ್‌ನಲ್ಲಿ ಐಆರ್‌ಸಿ ಮೌಲ್ಯಗಳ ಕಡತ ಮಾಡಿಕೊಂಡು ಮರುಲೆಕ್ಕ ಹಾಕಿಸಿ. 300 ಮೀಟರ್‌ಗಿಂತ ದೊಡ್ಡ ತ್ರಿಜ್ಯವಾದ್ದರಿಂದ ಹೆಚ್ಚುವರಿ ಅಗಲದ ಗೊಡವೆ ತಮಗಿಲ್ಲ.

ಪ್ರಶ್ನೆ: ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿದ್ದ ಕಾರಿಡಾರ್, ಪರಿಶೀಲನೆಗೆ ಕಳಿಸಿದ ಕಚೇರಿಯಲ್ಲಿ ರೀಬಿಲ್ಡ್ ಮಾಡಿದ ಕೂಡಲೇ ಚರಂಡಿ ಮತ್ತು ಇಳಿಜಾರು ಕಾಣೆಯಾಯಿತಂತೆ. ನಕ್ಷೆ ಕೆಟ್ಟಿದೆ ಎಂದು ಹಿಂದಿರುಗಿಸಿದ್ದಾರೆ.
— ಓದುಗರೊಬ್ಬರು, ಗಂಗಾವತಿ

ಉತ್ತರ: ಚರಂಡಿ ಮತ್ತು ಇಳಿಜಾರು ಕಂಪೋಸರ್‌ನಲ್ಲಿ ಮಾಡಿದವು, ಲೇನ್‌ಗಳು ತಂತ್ರಾಂಶದ ಜೊತೆಗೇ ಬಂದವು ಎಂದು ಊಹಿಸುತ್ತೇನೆ, ಕಾಣೆಯಾದವುಗಳ ಪಟ್ಟಿಯೇ ಅದನ್ನು ಹೇಳುತ್ತಿದೆ. ಹಾಗೆ ಮಾಡಿಕೊಂಡ ಭಾಗದ ತರ್ಕ ಪಿಕೆಟಿ ಕಡತದಲ್ಲಿರುತ್ತದೆ, ಮತ್ತು ಆ ಕಡತ ಇಂಪೋರ್ಟ್ ಆಗಿರದ ಕಂಪ್ಯೂಟರಿನಲ್ಲಿ ರೀಬಿಲ್ಡ್ ಮಾಡಿದರೆ ಹೀಗಾಗುತ್ತದೆ. ನಕ್ಷೆಯ ಜೊತೆ ಬಳಸಿದ ಎಲ್ಲ ಪಿಕೆಟಿ ಕಡತಗಳನ್ನೂ ಒಂದೇ ಫೋಲ್ಡರಿನಲ್ಲಿ ಕಳಿಸಿ. ಇನ್ಸರ್ಟ್ ಟ್ಯಾಬ್‌ನ ಇಂಪೋರ್ಟ್ ಸಬ್‌ಅಸೆಂಬ್ಲೀಸ್ ಮೂಲಕ ಅವನ್ನು ಮೊದಲು ಸೇರಿಸಿಕೊಂಡು, ಆಮೇಲೆ ನಕ್ಷೆ ತೆರೆದು ರೀಬಿಲ್ಡ್ ಮಾಡಲು ಪತ್ರದಲ್ಲೇ ಬರೆಯಿರಿ. ಅವರ ಆವೃತ್ತಿ ತಮ್ಮದಕ್ಕಿಂತ ಹಳೆಯದಾಗಿದ್ದರೆ ಹೊಸ ಕಂಪೋಸರ್‌ನ ಕಡತ ಅಲ್ಲಿ ತೆರೆಯದೆ ಹೋಗಬಹುದು; ಆವೃತ್ತಿಯನ್ನು ಮುಂಚೆಯೇ ಕೇಳಿಕೊಳ್ಳಿ. ಬರೀ ಪರಿಶೀಲನೆಗಾದರೆ ಕಾರಿಡಾರ್‌ನ ರೀಬಿಲ್ಡ್ ಆಟೊಮ್ಯಾಟಿಕ್ ಆಯ್ಕೆಯನ್ನು ತೆಗೆದು, ಅಡ್ಡಛೇದಗಳ ಪಿಡಿಎಫ್ ಪ್ರತಿಯನ್ನೂ ಜೊತೆಗಿಟ್ಟು ಕಳಿಸಿ.